ನೀರು ಹಾಕಿದವಳು

ಹೋದ ತಿಂಗಳು ಸೋದರತ್ತೆಯ ಮೊಮ್ಮಗಳ ಮದುವೆಗೆಂದು ರಾಣೆಬೆನ್ನೂರಿಗೆ ಹೋಗಿದ್ದೆ. ಮೇಡ್ಲೇರಿ ರಸ್ತೆಯ ಸೈಕಲ್ ಅಂಗಡಿಯ ಮುಂದೆ ಮುದುಕನೊಬ್ಬ ತುಕ್ಕು ಹಿಡಿದ ಚೈನೊಂದನ್ನು ತಗಡಿನ ತಟ್ಟೆಯಲ್ಲಿ ಅದ್ದಿ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಸೀಮೆಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಮಗಳು "ಎಂಥಾ ವಾಸನಿ ಅವ್ವಾ ಇದು?" ಎಂದಳು. ಅವಳ ಕಾಲಕ್ಕೆ ಆ ವಾಸನೆಯೇ ಮನೆಗಳಿಂದ ಹೊರಟುಹೋಗಿದೆ. ನಾನು ತಟ್ಟೆಯ ಹತ್ತಿರ ಯಾರಾದರೂ ಬೀಡಿ ಸೇದುತ್ತಿದ್ದಾರೆಯೇ ಎಂದು ನೋಡುತ್ತ ನಿಂತುಬಿಟ್ಟಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷದ ಶ್ರಾವಣ ಅದು. ನಾನಾಗ ಇದೇ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿದ್ದು ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಅಪ್ಪ ಇರಲಿಲ್ಲ. ಅಣ್ಣ ಈರಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಗುಮಾಸ್ತ. ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಅಂಗಿಯ ತುಂಬ ಘಾಟು ಹೊತ್ತುಕೊಂಡು ಕೆಮ್ಮುತ್ತ ಬರುತ್ತಿದ್ದ. ಅವನಿಗೆ ಆ ವರ್ಷದ ಬೇಸಿಗೆಯಲ್ಲೇ ಗುತ್ತಲದ ಗಿರಿಜಾಳನ್ನು ತಂದುಕೊಂಡಿದ್ದೆವು. ನಾನು ಅವಳನ್ನು ವೈನಿ ಎಂದು ಕರೆಯುತ್ತಿದ್ದರೂ ಅವಳು ನನಗಿಂತ ಎರಡು ವರ್ಷವಷ್ಟೇ ದೊಡ್ಡವಳು. ಹೊಸ ಮದುಮಗಳ ಮೊದಲ ಪಂಚಮಿ ತವರಿನಲ್ಲಿ ಆಗಬೇಕು. ಅದಕ್ಕಾಗಿ ಅವಳು ಆಷಾಢದಿಂದಲೇ ಕಾಯುತ್ತಿದ್ದಳು. ಆದರೆ ಕರೆಯಲು ಅವರ ಮನೆಯವರು ಹಿರಿಯ ಮಗನನ್ನು ಕಳಿಸದೆ ಕಿರಿಯ ತಮ್ಮನನ್ನು ಕಳಿಸಿದರೆಂದು ಅಣ್ಣನಿಗೆ ಸಿಟ್ಟು ಬಂತು. "ಈ ಸಲ ಬ್ಯಾಡ, ದೀಪಾವಳಿಗೆ ನೋಡೂಣಂತ" ಎಂದು ತಮ್ಮನನ್ನು ಹಾಗೆಯೇ ವಾಪಸು ಕಳಿಸಿದ.

ಅಂದು ಸಂಜೆ ವೈನಿ ಊಟ ಮಾಡಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ, ನನಗೆ ಕೇಳಲಿ ಎಂದೋ ಕೇಳದಿರಲಿ ಎಂದೋ, "ನಾ ಇನ್ನ ಗುತ್ತಲಕ್ಕ ಹೆಣಾ ಆಗೇ ಹೋಗಾಕಿ" ಎಂದಳು. ಹೆಣ್ಣುಮಕ್ಕಳು ಸಿಟ್ಟಿನಲ್ಲಿ ಆಡುವ ಮಾತು ಎಂದುಕೊಂಡೆ.

ಆ ಕಾಲದ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತಿತ್ತು: ಸ್ಟೋವ್ ಸಿಡಿದು ಗೃಹಿಣಿ ಸಾವು. ಓದಿದವರು ಯಾರೂ ಅದನ್ನು ನಂಬುತ್ತಿರಲಿಲ್ಲ. ನಮ್ಮ ಅವ್ವ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತ ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು: "ಸ್ಟೋ ಸಿಡೀತಂತ! ಯಾವತ್ತೂ ಸೊಸಿ ಕೈಯಾಗ ಸಿಡೀತಾವು. ಅತ್ತಿ ಕೈಯಾಗ ಸಿಡಿದಿದ್ದು ಒಂದರ ಕೇಳೀರೇನು?" ಎದುರುಮನೆಯ ನಿಂಬಕ್ಕ, ಪಕ್ಕದ ಮನೆಯಲ್ಲಿ ಹೊಲಿಗೆ ಹಾಕುವ ಮಾಬೂಬಿ, ಎಲ್ಲರೂ ಹೌದೆಂದು ತಲೆಯಾಡಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಸೌದೆ ತೊಯ್ದಿತ್ತು. ಗ್ಯಾಸಿಗೆ ಹೆಸರು ಹಚ್ಚಿ ಕಾಯುತ್ತಿದ್ದ ಮನೆಗಳಲ್ಲಿ ನಮ್ಮದೂ ಒಂದು. ರೇಷನ್ ಅಂಗಡಿಗೆ ಆ ತಿಂಗಳು ಸೀಮೆಎಣ್ಣೆ ಬಂದಿರಲಿಲ್ಲವಾದ್ದರಿಂದ ಓಣಿಗೆ ಕೈಗಾಡಿ ತಂದವನ ಹತ್ತಿರ ಅವ್ವ ಒಂದು ಡಬ್ಬಿ ಕೊಂಡಿಟ್ಟಿದ್ದಳು. ಅಣ್ಣ ಬ್ಯಾಡಗಿಗೆ ಹೋಗಿದ್ದ, ಅವ್ವ ಗಿರಣಿಗೆ. ನಾನು ಹಿತ್ತಾಳೆಯ ಪಂಪ್ ಸ್ಟೋವಿಗೆ ಆ ಡಬ್ಬಿಯಿಂದ ಎಣ್ಣೆ ತುಂಬಿಸಿ, "ವೈನಿ, ನೀ ಹಚ್ಚು, ನಾ ಅರಿವಿ ತೊಳೀತೇನಿ" ಎಂದು ಹಿತ್ತಲಿಗೆ ಹೋದೆ. ಅವಳು ಮುಖ ಊದಿಸಿಕೊಂಡೇ ಒಳಗೆ ಬಂದಳು.

ಒಂದು ಅಂಗಿಗೆ ಸೋಪು ಹಚ್ಚುವಷ್ಟರಲ್ಲಿ ಭಗ್ ಎಂದು ಸದ್ದಾಯಿತು. ಆಮೇಲೆ ಕಿರುಚಿದ್ದು.

ಅವಳ ನೈಲಾನ್ ಸೀರೆಯ ಸೆರಗು ಉರಿಯುತ್ತಿತ್ತು. ಅವಳು ಬಾಗಿಲ ಕಡೆಗೆ ಓಡಿಬರುತ್ತಿದ್ದಳು, ಓಡಿದಷ್ಟೂ ಉರಿ ಮೇಲೇಳುತ್ತಿತ್ತು. ಹಿಂದಿನ ವರ್ಷ ಮೋಟೆಬೆನ್ನೂರಿನಲ್ಲಿ ಕಾಲೇಜಿನ ಸೇವಾ ಶಿಬಿರ ನಡೆದಾಗ ನಿವೃತ್ತ ನರ್ಸಮ್ಮ ಒಬ್ಬರು ಬಂದು ಒಂದು ಮಧ್ಯಾಹ್ನವೆಲ್ಲ ಪಾಠ ಮಾಡಿದ್ದರು. ನಾವು ಹುಡುಗಿಯರು ಒಬ್ಬರಿಗೊಬ್ಬರು ಬ್ಯಾಂಡೇಜು ಸುತ್ತಿಕೊಂಡು ನಕ್ಕಿದ್ದೇ ಹೆಚ್ಚು. ಆದರೂ ಆ ಗಳಿಗೆಯಲ್ಲಿ ಅವರ ದನಿಯೇ ಕಿವಿಯಲ್ಲಿ ಕೂಗಿತು: "ಓಡಾಕ ಬಿಡಬ್ಯಾಡ್ರಿ. ನೆಲಕ್ಕ ಕೆಡವ್ರಿ." ವೈನಿಯ ಕಾಲಿಗೆ ಅಡ್ಡ ಬಿದ್ದು ಕೆಡವಿದೆ. ಹಾಸಿಗೆಯ ಮೇಲಿದ್ದ ದಪ್ಪ ಕೌದಿಯನ್ನು ಎಳೆದು ಹೊಚ್ಚಿ ಬಿಗಿಯಾಗಿ ಅದುಮಿದೆ. ಉರಿ ಆರಿತು. ಅಡುಗೆಮನೆಯ ನೆಲದ ಮೇಲೆ ಹೊತ್ತಿದ್ದ ಬೆಂಕಿಗೆ ಮಾಬೂಬಿ ಬಂದು ಮರಳಿನ ಬುಟ್ಟಿ ಸುರಿದಳು.

ವೈನಿಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ತೊಟ್ಟಿಯ ತಣ್ಣೀರನ್ನು ತಂಬಿಗೆಯಿಂದ ಅವಳ ಬಲಗೈ, ಕುತ್ತಿಗೆ, ಪಕ್ಕೆಯ ಮೇಲೆ ಹೊಯ್ಯತೊಡಗಿದೆ. ನರ್ಸಮ್ಮ ಹೇಳಿದ್ದರು: "ಬೆಂಕಿ ಆರಿದ್ರೂ ಚರ್ಮದ ಒಳಗ ಸುಡೂದು ನಿಂತಿರಂಗಿಲ್ಲ. ನೀರು ಹಾಕ್ರಿ. ಸಾಕು ಅನ್ನಿಸಿದ ಮ್ಯಾಲೂ ಹಾಕ್ರಿ. ಉಂಗುರ, ಬಳಿ ಲಗೂ ತಗೀರಿ, ಬಾತ ಮ್ಯಾಲೆ ಬರಂಗಿಲ್ಲ. ಅಂಟಿದ ಅರಿವಿ ಕೀಳಬ್ಯಾಡ್ರಿ. ಶಾಯಿ, ಸಗಣಿ, ಪೇಸ್ಟು ಹತ್ತರ ತರಬ್ಯಾಡ್ರಿ." ಮಾಬೂಬಿ ತನ್ನ ಹೊಲಿಗೆಯ ಕತ್ತರಿ ತಂದು ಅಂಟದೆ ಉಳಿದಿದ್ದ ಸೀರೆಯನ್ನು ಕತ್ತರಿಸಿದಳು. ನಾನು ಬಂಗಾರದ ಬಳೆ, ಉಂಗುರ, ಕೊರಳ ಸರ ತೆಗೆದು ಕಿಟಕಿಯಲ್ಲಿದ್ದ ಚೊಂಬಿನೊಳಗೆ ಹಾಕಿದೆ.

ಅಷ್ಟರಲ್ಲಿ ಓಣಿಯೇ ಒಳಗೆ ನುಗ್ಗಿತು. ಎಲ್ಲರಿಗಿಂತ ಮುಂದೆ ನಿಂಬಕ್ಕ, ಕೈಯಲ್ಲಿ ಶಾಯಿಯ ಬಾಟಲಿ.

"ಏ ಹುಚ್ಚಿ, ನೀರು ಹಾಕಬ್ಯಾಡ! ಗುಳ್ಳಿ ಏಳತಾವು! ಅತ್ತಾಗ ಸರಿ, ಶಾಯಿ ಹಾಕತೇನಿ."

"ಬ್ಯಾಡ್ರಿ ನಿಂಬಕ್ಕ."

"ಬ್ಯಾಡಂದ್ರ? ಅಕೀನ್ನ ಕೊಲ್ಲಾಕತ್ತೀಯೇನು?"

ಅವಳು ಬಾಗಿದಾಗ ನಾನು ಕೈ ತಳ್ಳಿದೆ. ಬಾಟಲಿ ಬಿದ್ದು ಒಡೆದು ಬಚ್ಚಲೆಲ್ಲ ನೀಲಿಯಾಯಿತು. ಇನ್ಯಾರೋ ಪೇಸ್ಟು ತಂದಿದ್ದರು. ನನಗೆ ಬೇರೆ ದಾರಿ ಕಾಣದೆ ಮಾಬೂಬಿಯನ್ನು ಒಳಗಿಟ್ಟುಕೊಂಡು ಬಚ್ಚಲ ಬಾಗಿಲು ಹಾಕಿ ಚಿಲಕ ಜಡಿದೆ. ಹೊರಗೆ ಬಾಗಿಲು ಬಡಿಯುತ್ತಿದ್ದರು. ಒಳಗೆ ವೈನಿ ಚಳಿಗೆ ಗಡಗಡ ನಡುಗುತ್ತ, ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ನಾನು ನೀರು ಹೊಯ್ಯುತ್ತಲೇ ಇದ್ದೆ.

ಅಣ್ಣನ ಒಗೆದಿಟ್ಟ ಬಿಳಿ ಧೋತರವನ್ನು ಸುಟ್ಟ ಕಡೆ ಸಡಿಲಾಗಿ ಹೊಚ್ಚಿ, ಮೇಲೆ ಕಂಬಳಿ ಹೊದಿಸಿ, ಕಾಯಿಪಲ್ಲೆಯ ಟೆಂಪೋ ಒಂದರಲ್ಲಿ ದವಾಖಾನೆಗೆ ಒಯ್ದೆವು. ಗಿರಣಿಯಿಂದ ಓಡಿಬಂದ ಅವ್ವ ಮೈಯೆಲ್ಲ ಹಿಟ್ಟು ಮಾಡಿಕೊಂಡು ಅದರಲ್ಲೇ ಹತ್ತಿದಳು.

ಡಾಕ್ಟರಮ್ಮ ಗಾಯ ನೋಡಿ, ಅದರ ಅಂಚು ನೋಡಿ, "ನೀರು ಹಾಕಿದ್ಯಾರು?" ಎಂದು ಗಟ್ಟಿಯಾಗಿ ಕೇಳಿದರು. ನಿಂಬಕ್ಕನ ಮಾತು ಕಿವಿಯಲ್ಲಿ ಇನ್ನೂ ಸುಡುತ್ತಿತ್ತು. "ಗೊತ್ತಿಲ್ರಿ" ಎಂದುಬಿಟ್ಟೆ. "ಯಾರ ಹಾಕಿರಲಿ, ಭಾಳ ಚಲೋ ಮಾಡ್ಯಾರ. ಇನ್ನ ನಂಜಾಗದಂಗ ಕಾಯಬೇಕು" ಎಂದು ಅವರು ಒಳಗೆ ಹೋದರು. ಅವ್ವ ಹೊರಗಿದ್ದಳು, ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಮಾತು ಬಲಿತಿತ್ತು. ಅತ್ತೆ ಬೇಕೆಂದೇ ಗಿರಣಿಗೆ ಹೋಗಿದ್ದಳು, ಗಂಡ ಬೇಕೆಂದೇ ಬ್ಯಾಡಗಿಗೆ ಹೋಗಿದ್ದ. ಅವನು ದಿನಾ ಹೋಗುತ್ತಿದ್ದ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ನಾದಿನಿ ಬಾಗಿಲು ಹಾಕಿಕೊಂಡಳು, ಬಂಗಾರ ಬಿಚ್ಚಿಕೊಂಡಳು, ಮೈಮೇಲಿನ ಎಣ್ಣೆಯ ವಾಸನೆ ಹೋಗುವತನಕ ನೀರು ಹಾಕಿ ತೊಳೆದಳು. ನನ್ನ ಬಗ್ಗೆ ಹೇಳಿದ್ದೊಂದೂ ಸುಳ್ಳಿರಲಿಲ್ಲ. ಒಂದೊಂದಾಗಿ ಹೇಳುತ್ತ ಹೋದರೆ ನನಗೇ ನನ್ನ ಮೇಲೆ ಸಂಶಯ ಬರುವಂತಿತ್ತು.

ದವಾಖಾನೆಯ ಪಡಸಾಲೆಯಲ್ಲಿ ಹವಾಲ್ದಾರ ನನ್ನನ್ನು ನಿಲ್ಲಿಸಿಕೊಂಡು ಕೇಳಿದ.

"ನೀರು ಯಾಕ ಹಾಕಿದಿ?"

"ಸುಟ್ಟಿತ್ತಲ್ರಿ."

"ಸುಟ್ರ ಮಂದಿ ಶಾಯಿ ಹಾಕತಾರ, ಕೊಬ್ರಿ ಎಣ್ಣಿ ಹಚ್ಚತಾರ. ನೀ ತೊಳದಿ. ಏನ ತೊಳದಿ?"

"ಶಿಬಿರದಾಗ ಹೇಳಿಕೊಟ್ಟಿದ್ರು."

"ಬಾಗಲಾ ಹಾಕ್ಕೋ ಅಂತನೂ ಹೇಳಿಕೊಟ್ಟಿದ್ರೇನು?"

"ಅಕೀನ ಕೇಳ್ರಿ" ಎಂದೆ. ಅವನು ನನ್ನನ್ನು ಕರೆದುಕೊಂಡೇ ವಾರ್ಡಿನೊಳಗೆ ಹೋಗಿ ವೈನಿಯನ್ನೂ ಕೇಳಿದ. ಅವಳು ನನ್ನ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಳು. ನೋವಿಗೆ ಮುಚ್ಚಿದಳೋ, ನನ್ನನ್ನು ನೋಡಲಾರದೆ ಮುಚ್ಚಿದಳೋ. ಹವಾಲ್ದಾರ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದು ನನಗೆ ಕಾಣಿಸಿತು.

ಗುತ್ತಲದಿಂದ ಅವಳ ತಾಯಿ ಪಾರವ್ವ ಮತ್ತು ಹಿರಿಯ ಅಣ್ಣ ಬಂದರು. ಪಾರವ್ವ ಮಗಳ ಬರಿಗೊರಳು ನೋಡಿ ನನ್ನ ಕಡೆ ತಿರುಗಿದಳು.

"ಬಂಗಾರ ಎಲ್ಲೈತಿ?"

ನನಗೆ ನೆನಪೇ ಆಗಲಿಲ್ಲ. ಆ ಗದ್ದಲದಲ್ಲಿ ಎಲ್ಲಿಟ್ಟೆ, ಏನು ಮಾಡಿದೆ, ಎಲ್ಲ ಅಳಿಸಿಹೋಗಿತ್ತು. ಪಾರವ್ವ ಹಣೆ ಹಣೆ ಬಡಿದುಕೊಂಡಳು. ಆಗ ನಮ್ಮ ಹಿಂದೆಯೇ ದವಾಖಾನೆಗೆ ಬಂದಿದ್ದ ಮಾಬೂಬಿ ಬುರ್ಖಾದೊಳಗಿನಿಂದ ಒಂದು ಗಂಟು ತೆಗೆದು ಪಾರವ್ವನ ಮಡಿಲಲ್ಲಿ ಇಟ್ಟಳು.

"ನಿಮ್ಮ ಹತ್ರ ಯಾಕ ಇತ್ತು ಇದು?" ಎಂದು ಗಿರಿಜಾಳ ಅಣ್ಣ ಹುಬ್ಬು ಗಂಟಿಕ್ಕಿದ.

"ಮನಿ ತೆರದ ಬಿಟ್ಟು ಎಲ್ಲಾರೂ ಓಡಿ ಬಂದ್ರಿ. ಚೊಂಬಿನ್ಯಾಗ ಬಿದ್ದಿತ್ತು, ತಗೊಂಡು ಇಟ್ಟೆ" ಎಂದಳು ಮಾಬೂಬಿ. "ತೂಕ ಮಾಡಿ ನೋಡ್ಕೋರಿ ಭೈಯ್ಯಾ. ನಂದೇನೂ ಬ್ಯಾಸರಿಲ್ಲ." ಬೇಸರವಾಗಿತ್ತು. ಆ ಸಂಜೆಯಿಂದ ಅವಳು ನಮ್ಮ ಕಟ್ಟೆಗೆ ಬಂದು ಕೂಡಲಿಲ್ಲ.

ಗುತ್ತಲದವರು ನಮ್ಮನ್ನು ವಾರ್ಡಿನೊಳಗೆ ಬಿಡಲಿಲ್ಲ. ಅವ್ವ ಗಂಜಿ ಮಾಡಿ ತಂದರೆ ಗಿರಿಜಾಳ ಅಣ್ಣ ನಮ್ಮ ಎದುರಿಗೇ ಗಟಾರಕ್ಕೆ ಚೆಲ್ಲಿದ. "ನಿಮ್ಮ ಮನಿ ನೀರೂ ಬ್ಯಾಡ ಅಕಿಗೆ" ಎಂದ. ಅವ್ವ ಖಾಲಿ ಡಬ್ಬಿ ಹಿಡಿದು ಮಳೆಯಲ್ಲೇ ಮನೆಗೆ ನಡೆದಳು. ಅಂದಿನಿಂದ ಅವಳು ಕಟ್ಟೆಯ ಮೇಲೆ ಕೂತು ಪತ್ರಿಕೆ ಓದಿಸುವುದನ್ನು ಬಿಟ್ಟಳು. ಓಣಿಯಲ್ಲಿ ಅವಳದೇ ಮಾತು ಓಡಾಡುತ್ತಿತ್ತು: ಅತ್ತೆಯ ಕೈಯಲ್ಲಿ ಒಂದೂ ಸಿಡಿಯುವುದಿಲ್ಲ.

ಹೊರಗಿನವರ ಮಾತಾದರೆ ತಡೆದುಕೊಳ್ಳಬಹುದಿತ್ತು. ಅದು ಮನೆಯೊಳಗೂ ಬಂತು. ಅಣ್ಣ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದ: "ಮಂಗಲಾ, ಖರೇ ಹೇಳು. ಅವ್ವ ಅಕಿಗೆ ಏನರ ಅಂದಿದ್ಲೇನು?" ಅದೇ ದಿನ ಅವ್ವ ಒಲೆಯ ಮುಂದೆ ಕೂತು ನನ್ನನ್ನು ಕೇಳಿದಳು: "ನಿಮ್ಮಣ್ಣ ಅಕೀ ಮ್ಯಾಲೆ ಕೈ ಎತ್ತಿದ್ನೇನು?" ಇಬ್ಬರಿಗೂ ಇಲ್ಲವೆಂದೆ. ನನಗೆ ಇಬ್ಬರ ಮೇಲೂ ಸಂಶಯವಿರಲಿಲ್ಲ. ನನ್ನದು ಬೇರೆ. ಪಾತ್ರೆ ತಿಕ್ಕುತ್ತ ವೈನಿ ಆಡಿದ ಆ ಮಾತು ನನ್ನೊಳಗೆ ಕೊಳೆಯುತ್ತಿತ್ತು. ಹೆಣಾ ಆಗೇ ಹೋಗಾಕಿ ಅಂದವಳು, ಮರುದಿನ ಬೆಳಿಗ್ಗೆ ಒಳಗೆ ಯಾರೂ ಇಲ್ಲದಾಗ ಕಡ್ಡಿ ಗೀರಿದ್ದು ಸ್ಟೋವಿಗೇ ಏನು? ಅದಕ್ಕೇ ಅವಳು ಮಾತಾಡುತ್ತಿಲ್ಲವೇ? ಆ ಮಾತನ್ನು ಹವಾಲ್ದಾರನಿಗೆ ಹೇಳಿದರೆ ನಾವು ಉಳಿಯಬಹುದಿತ್ತು. ಬಾಯಿಯ ತನಕ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ.

ಜ್ವರ ಇಳಿದು ಅವಳಿಗೆ ಮಾತಾಡುವ ತ್ರಾಣ ಬಂದ ಮೇಲೆ ತಹಶೀಲ್ದಾರರು ಹೇಳಿಕೆ ತೆಗೆದುಕೊಳ್ಳಲು ಬಂದರು. ತಾಯಿ, ಅಣ್ಣ, ನಾವು, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಡಾಕ್ಟರಮ್ಮ ಮಾತ್ರ ಒಳಗಿದ್ದರು. ಪಡಸಾಲೆಯ ಒಂದು ಗೋಡೆಗೆ ಗುತ್ತಲದವರು, ಎದುರಿನ ಗೋಡೆಗೆ ನಾವು. ನಡುವೆ ಸೋರುವ ಮಳೆನೀರಿಗೆ ಇಟ್ಟ ಬಕೆಟ್ಟು. ಅಣ್ಣ ಅಂಗಿಯ ಗುಂಡಿಯೊಂದನ್ನು ತಿರುವುತ್ತ ತಿರುವುತ್ತ ಕಿತ್ತೇಬಿಟ್ಟ. ಅವಳು ಒಂದು ಮಾತು ಹೇಳಿದರೆ ಸಾಕು, ಜೀಪು ಹೊರಗೆ ನಿಂತಿತ್ತು.

ತಹಶೀಲ್ದಾರರು ಯಾರ ಮುಖವನ್ನೂ ನೋಡದೆ ಹೊರಟುಹೋದರು. ಹವಾಲ್ದಾರ ಹಿಂದುಳಿದು ನಮ್ಮ ಹತ್ತಿರ ಬಂದ.

"ಮನಿಗೆ ಹೋಗ್ರಿ. ಪಂಪ್ ಹೊಡದು ಕಡ್ಡಿ ಗೀರಿದ್ಲಂತ, ಸ್ಟೋ ಭಗ್ ಅಂತಂತ. ನಾದಿನಿ ಕೌದಿ ಹೊಚ್ಚಿ ನೀರು ಹಾಕಿದ್ಲು ಅಂದಾಳ." ಟೊಪ್ಪಿಗೆ ಸರಿಮಾಡಿಕೊಂಡು ಮತ್ತೊಂದು ಸೇರಿಸಿದ: "ಹೆದರಿ ಹೇಳ್ಯಾಳೋ ಏನೋ, ಯಾರಿಗ್ಗೊತ್ತು."

ಓಣಿ ಆ ಕೊನೆಯ ಮಾತನ್ನೇ ಹಿಡಿದುಕೊಂಡಿತು. ಸೊಸೆ ಗಂಡನ ಮನೆಯ ಮಾನ ಉಳಿಸಿದಳು, ಪಾಪ, ಎಂದರು.

ಪಂಚಮಿ ಮುಗಿದು, ಉಂಡಿಗಳು ಡಬ್ಬಿಯಲ್ಲಿ ಗಟ್ಟಿಯಾಗುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಎದುರುಮನೆಯಲ್ಲಿ ಅದೇ ಸದ್ದು ಕೇಳಿಸಿತು. ಭಗ್. ನಾನು ಕೌದಿ ಹಿಡಿದು ಹೊಸ್ತಿಲು ದಾಟುವಷ್ಟರಲ್ಲಿ ನಿಂಬಕ್ಕ ಸೀರೆ ಎತ್ತಿ ಹಿಡಿದು ಓಡಿಬಂದು, ನನ್ನನ್ನು ಸರಿಸಿ, ನಮ್ಮ ಬಚ್ಚಲಿಗೆ ನುಗ್ಗಿ, ಮೊಣಕೈತನಕ ಕೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ನಿಂತುಬಿಟ್ಟಳು. ಸುಟ್ಟಿದ್ದು ಅಂಗೈ ಮತ್ತು ಬೆರಳಷ್ಟೇ.

ಅವ್ವ ಬಚ್ಚಲ ಬಾಗಿಲಲ್ಲಿ ಬಂದು ನಿಂತಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಮಾತು ಬಂತು.

"ಶಾಯಿ ತರ್ಲೇನು ನಿಂಬವ್ವ?"

ನಿಂಬಕ್ಕ ತಲೆ ಎತ್ತಲಿಲ್ಲ. "ಉಂಗುರ ತಗಿ ಮಂಗಲಾ, ಬಾವು ಬರಾಕತ್ತೇತಿ" ಎಂದಳು. ಸೋಪು ಹಚ್ಚಿ ಉಂಗುರ ಜಾರಿಸಿ ತೆಗೆದು, ಓಣಿಯವರೆಲ್ಲ ನೋಡುತ್ತಿದ್ದಂತೆ ಅವಳ ಇನ್ನೊಂದು ಅಂಗೈಯಲ್ಲಿಟ್ಟೆ.

ಮಾಬೂಬಿಯೇ ಮೊದಲು ಕೇಳಿದ್ದು: "ಎಣ್ಣಿ ಯಾರ ಹತ್ರ ತಗೊಂಡಿದ್ದಿ?" ಅದೇ ಕೈಗಾಡಿಯವನ ಹತ್ತಿರ. ಹವಾಲ್ದಾರ ಬಂದು ನಿಂಬಕ್ಕನ ಡಬ್ಬಿಯಿಂದ ಒಂದು ಮುಚ್ಚಳದಷ್ಟು ಎಣ್ಣೆಯನ್ನು ಬಯಲಿನ ಕಲ್ಲಿನ ಮೇಲೆ ಸುರಿದು ದೂರದಿಂದ ಉರಿಯುವ ಕಡ್ಡಿ ಎಸೆದ. ಕಡ್ಡಿ ಮುಟ್ಟುವ ಮೊದಲೇ ಅದು ಹೊತ್ತಿಕೊಂಡಿತು. ಸೀಮೆಎಣ್ಣೆ ಹಾಗೆ ಹೊತ್ತುವುದಿಲ್ಲ. "ಪೆಟ್ರೋಲ್ ಬೆರಸ್ಯಾನ ಮಗಾ" ಎಂದು ಅವನು ಹಿಂದೆ ಸರಿದ. ಕೈಗಾಡಿಯವನು ಮತ್ತೆ ಆ ಕಡೆ ಕಾಣಿಸಲಿಲ್ಲ. ಮನೆಮನೆಯವರು ಉಳಿದ ಎಣ್ಣೆಯನ್ನು ಊರ ಹೊರಗೆ ಒಯ್ದು ಚೆಲ್ಲಿಬಂದರು. ನಮ್ಮ ಬಗ್ಗೆ ಮಾತು ನಿಂತಿತು. ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ. ಅವ್ವನೇ ಮಾಬೂಬಿಯ ಮನೆಗೆ ಹೋಗಿ, ಕೈ ಹಿಡಿದು ನಮ್ಮ ಕಟ್ಟೆಗೆ ಕರೆತಂದಳು.

ಗಿರಿಜಾಳನ್ನು ದವಾಖಾನೆಯಿಂದ ಗುತ್ತಲಕ್ಕೇ ಒಯ್ದಿದ್ದರು. ದೀಪಾವಳಿ ಹತ್ತಿರ ಬಂದಾಗ ಅಣ್ಣ ಹೋಗಲು ಹೆದರಿದ, ನಾನೇ ಬಸ್ಸು ಹತ್ತಿದೆ. ಪಾರವ್ವ ಕುಡಿಯಲು ನೀರು ಕೊಟ್ಟು, ಎಣ್ಣೆಯ ಸುದ್ದಿ ತಮಗೂ ಮುಟ್ಟಿದೆ ಎಂದಷ್ಟೇ ಹೇಳಿ ಹೊಲದ ಕಡೆ ಹೋದಳು. ವೈನಿ ಹಿತ್ತಲ ಬಿಸಿಲಿನಲ್ಲಿ ಕೂತಿದ್ದಳು. ಗಾಯ ಮಾಯ್ದಿತ್ತು. ಬಲತೋಳಿನ ಚರ್ಮ ಸುಕ್ಕುಗಟ್ಟಿ ಬಿಗಿದುಕೊಂಡು ಮೊಣಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ.

ನಾವು ಬಹಳ ಹೊತ್ತು ಹತ್ತಿಯ ಬೆಳೆ, ಮಳೆ, ಅದೂ ಇದೂ ಮಾತಾಡಿದೆವು. ಕೊನೆಗೆ ಅವಳೇ ಕೇಳಿದಳು.

"ಅವತ್ತ ಎಣ್ಣಿ ತುಂಬಿದಾಕಿ ನೀನ. ಹಚ್ಚು ಅಂದಾಕಿನೂ ನೀನ. ಆಮ್ಯಾಲೆ ಬಾಗಲಾ ಹಾಕಿದಿ. ನಿಂಬಕ್ಕ ಹೊರಗ 'ಕೊಲ್ಲಾಕತ್ತಾಳ' ಅಂತ ಒದರತಿದ್ಲು. ನಂಗ ಹ್ಯಾಂಗ ಅನ್ನಿಸಿರಬೇಕು ಹೇಳು."

"ನನ್ನ ಮ್ಯಾಲೆ ಸಂಶೇ ಇತ್ತೇನು ನಿಂಗ?"

"ಇತ್ತು."

"ನಂಗೂ ನಿನ್ನ ಮ್ಯಾಲೆ ಇತ್ತು" ಎಂದೆ. "ಹೆಣಾ ಆಗಿ ಹೋಗತೇನಿ ಅಂದಿದ್ದಿಯಲ್ಲ. ನೀನ ಹಚ್ಕೊಂಡಿ ಅಂತ."

ಅವಳು ನನ್ನನ್ನು ಪಿಳಿಪಿಳಿ ನೋಡಿದಳು. "ಪಂಚಮಿಗೆ ಕಳಿಸಲಿಲ್ಲಂತ ಸಾಯ್ತಾರೇನ ಯಾರರ? ಅವತ್ತ ನಾ ಶೇಂಗಾ ಉಂಡಿ ಕಟ್ಟಾಕಂತ ಬೆಲ್ಲದ ಪಾಕ ಇಡಾಕ ಹೋಗಿದ್ದೆ. ನಿಮ್ಮಣ್ಣಗ ಒಂದೂ ಕೊಡಬಾರದಂತ ಮಾಡಿದ್ದೆ, ಅದು ಖರೇ." ಅಂದು ನಕ್ಕಳು. ನಕ್ಕರೆ ಕುತ್ತಿಗೆಯ ಚರ್ಮ ಎಳೆದು ನೋಯುತ್ತಿತ್ತು, ಅದಕ್ಕೆ ನಡುವೆಯೇ ನಿಲ್ಲಿಸಿದಳು. ನನಗೆ ನಗುವೂ ಬಂತು, ಅಳುವೂ ಬಂತು.

ಒಂದು ಮಾತು ಉಳಿದಿತ್ತು. "ತಹಶೀಲ್ದಾರರು ಬರೂದ್ರಾಗ ನನ್ನ ಮ್ಯಾಲಿನ ಸಂಶೇ ಹೋಗಿತ್ತೇನು?" ಎಂದು ಕೇಳಿದೆ.

"ಇಲ್ಲ" ಎಂದಳು ವೈನಿ. "ಆವಾಗೂ ಇತ್ತು. ನಿಂಬಕ್ಕನ ಸ್ಟೋ ಹತ್ತಿದ ಸುದ್ದಿ ಕೇಳೂತನಕ ಇತ್ತು."

"ಮತ್ತ ಹಂಗ್ಯಾಕ ಹೇಳಿದಿ?"

"ಅವರು ಏನಾತು ಅಂತ ಕೇಳಿದ್ರು. ಸ್ಟೋ ಹತ್ತಿತು, ನೀ ಬಂದಿ, ಕೌದಿ ಹೊಚ್ಚಿದಿ, ನೀರು ಹಾಕಿದಿ. ನಾ ಕಂಡಿದ್ದು ಅಷ್ಟ. ಸಂಶೇ ಏನು ಕಂಡಿದ್ದೇನು ಹೇಳಾಕ?"

ಸಂಕ್ರಾಂತಿ ಕಳೆದ ಮೇಲೆ ಅವಳು ರಾಣೆಬೆನ್ನೂರಿಗೆ ಬಂದಳು. ಕರೆಯಲು ಅಣ್ಣನೇ ಹೋಗಿ ಅತ್ತೆಯ ಮನೆಯ ಕಟ್ಟೆಯ ಮೇಲೆ ಒಂದು ಇಡೀ ದಿನ ಕೂತಿದ್ದ. ಆದರೆ ಆ ಶ್ರಾವಣ ನನ್ನ ಪಾಲಿಗೆ ಮುಗಿದದ್ದು ಗುತ್ತಲದ ಆ ಹಿತ್ತಲಿನಲ್ಲೇ. ಬಿಸಿಲು ಇಳಿಯುತ್ತಿದ್ದ ಹಾಗೆ ವೈನಿ ಪಕ್ಕದಲ್ಲಿದ್ದ ಕೊಬ್ಬರಿ ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಚರ್ಮ ಮೆತ್ತಗಾಗಿ ಕೈ ಚಾಚಲು ಬರಲಿ ಎಂದು ದಿನಾ ತಿಕ್ಕಲು ಡಾಕ್ಟರಮ್ಮ ಹೇಳಿದ್ದರಂತೆ. ಅದುವರೆಗೆ ತಾಯಿಯ ಹೊರತು ಯಾರಿಗೂ ಅವಳು ಆ ತೋಳನ್ನು ಮುಟ್ಟಗೊಟ್ಟಿರಲಿಲ್ಲ.

"ಮೆಲ್ಲಕ ತಿಕ್ಕು" ಎಂದು ತೋಳನ್ನು ನನ್ನ ಮೊಣಕಾಲ ಮೇಲೆ ಇಟ್ಟು ಕಣ್ಣು ಮುಚ್ಚಿಕೊಂಡಳು.